ಹಡಗು ಎಂಟು ಗಂಟೆ ನಿಲ್ಲುತ್ತದೆ

ಮೋನಾ, ಕಿಂಗ್‌ಸ್ಟನ್, ಜಮೈಕಾ
ಭಾನುವಾರ, ೧೨ ಜನವರಿ ೧೯೯೭

ಪ್ರೀತಿಯ ವಿನ್ನೆಟ್ ಚಿಕ್ಕಮ್ಮ,

ಭಾನುವಾರ ಬಂತೆಂದರೆ ನನ್ನ ಕೈ ತಾನಾಗಿಯೇ ಕಾಗದ ಹುಡುಕುತ್ತದೆ. ಹಾಸ್ಟೆಲಿನಲ್ಲಿ ಪತ್ರ ಬರೆದು ತೋರಿಸದೆ ಊಟವಿಲ್ಲ ಎಂಬ ನಿಯಮವಿತ್ತಲ್ಲ, ಎಂಟನೇ ವಯಸ್ಸಿನಿಂದ. ಈಗ ವಿಶ್ವವಿದ್ಯಾಲಯ ಸೇರಿ ನಾಲ್ಕು ತಿಂಗಳಾಯಿತು, ಯಾರೂ ಕೇಳುವವರಿಲ್ಲ. ಆದರೂ ಬರೆಯದೆ ತಟ್ಟೆ ಹಿಡಿದರೆ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎನ್ನಿಸುತ್ತದೆ. ಅಮ್ಮ ಹೋದ ಮೇಲೆ ಆ ಪತ್ರಗಳಿಗೆ ತಪ್ಪದೆ ಉತ್ತರ ಬರೆದವಳು ನೀನೊಬ್ಬಳೇ.

ಹಡಗಿನ ಪ್ರವಾಸ ಹೇಗಿತ್ತು, ಒಂದನ್ನೂ ಬಿಡದೆ ಬರಿ ಎಂದಿದ್ದೆ. ಅಪ್ಪ ಇಂಗ್ಲೆಂಡಿನಿಂದ ಟಿಕೆಟ್ ಕಳಿಸಿದಾಗಲೇ ನಾನು ಲೆಕ್ಕ ಹಾಕಿದ್ದೆ. ಏಳು ದಿನ, ಅಪ್ಪ, ಅವನ ಹೊಸ ಹೆಂಡತಿ ಹೆಲೆನ್, ಸುತ್ತ ನೀರು. ಮಯಾಮಿಯಲ್ಲಿ ವಿಮಾನ ಇಳಿದು ನೇರ ಬಂದರಿಗೆ ಹೋದೆವು. ನಿನ್ನ ಲಾಡರ್‌ಡೇಲ್‌ಗೆ ಅಷ್ಟು ಹತ್ತಿರ ಬಂದೂ ನಿನ್ನನ್ನು ನೋಡಲಾಗಲಿಲ್ಲ.

ನೀನು ಎಂದಾದರೂ ಹೋಗುವುದಾದರೆ, ಕೇಳು. ಹತ್ತಿದ ದಿನ ಪೆಟ್ಟಿಗೆ ಸಂಜೆಯವರೆಗೆ ಕೋಣೆಗೆ ಬರುವುದಿಲ್ಲ. ಔಷಧಿ, ಈಜುವ ಬಟ್ಟೆ ಕೈಚೀಲದಲ್ಲೇ ಇರಲಿ. ಕೋಣೆ ಕೆಳಗೆ ಮತ್ತು ನಡುಮಧ್ಯ ಇದ್ದರೆ ಹೊಯ್ದಾಟ ಕಡಿಮೆ. ಬಿಸಿಲಿಗೆ ಹಾಕಿರುವ ಕುರ್ಚಿಗಳನ್ನು ಬೆಳಿಗ್ಗೆ ಆರಕ್ಕೇ ಟವೆಲು ಹಾಸಿ ಹಿಡಿದಿಡುತ್ತಾರೆ, ಆಮೇಲೆ ಮಧ್ಯಾಹ್ನದವರೆಗೆ ಪತ್ತೆಯೇ ಇರುವುದಿಲ್ಲ. ಹೆಲೆನ್ ಕೂಡ ಹಾಗೇ ಮಾಡಿದಳು. ಮುಳುಗಿದರೆ ಏನು ಮಾಡಬೇಕೆಂದು ಮೊದಲ ದಿನ ಎಲ್ಲರಿಗೂ ಕಿತ್ತಳೆ ಅಂಗಿ ತೊಡಿಸಿ ಕಲಿಸುತ್ತಾರೆ. ನಾನು ಎರಡು ಸಲ ಹೋಗಿ ನಿಂತೆ. ನನ್ನ ಕೋಣೆಯಿಂದ ದೋಣಿಗೆ ನೂರಾ ಹದಿನಾಲ್ಕು ಹೆಜ್ಜೆ. ಕೊನೆಯ ದಿನ ಪೆಟ್ಟಿಗೆಗಳನ್ನು ಮೊದಲೇ ಒಯ್ದುಬಿಡುತ್ತಾರೆ, ಮರುದಿನದ ಬಟ್ಟೆ ತೆಗೆದಿಟ್ಟುಕೊಂಡಿರಬೇಕು. ಒಬ್ಬ ಮಹಾನುಭಾವ ಮರೆತು, ಪೈಜಾಮದ ಮೇಲೆ ಕೋಟು ಹಾಕಿಕೊಂಡು ಗಂಭೀರವಾಗಿ ಇಳಿದುಹೋದ.

ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಓಚೊ ರಿಯೋಸ್! ನಮ್ಮದೇ ಊರನ್ನು ಹತ್ತು ಮಹಡಿ ಮೇಲಿನಿಂದ ನೋಡಿದ್ದೀಯಾ? ಅಜ್ಜಿ ಟೋಪಿ ಮಾರುವ ಸಂತೆಯ ತಗಡಿನ ಮಾಡು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಇಳಿದ ಕೂಡಲೇ ಜಡೆ ಹಾಕುವ ಹೆಂಗಸು ನನ್ನನ್ನು ಹಿಡಿದುಕೊಂಡಳು. "ಏ ಕೆಂಚಿ, ಬಾರೇ, ಮಣಿ ಹಾಕಿ ಜಡೆ ಹೆಣೀತೀನಿ. ಎಲ್ಲಿಂದ ಬಂದಿದೀಯ, ಕೆನಡಾನಾ?" ನಾನು ಇಲ್ಲಿಯವಳೇ ಎಂದರೆ ನಂಬಲಿಲ್ಲ. "ಹಡಗಿಂದ ಇಳಿಯೋರೆಲ್ಲ ಹಂಗೇ ಅಂತಾರೆ, ರೇಟು ಕಮ್ಮಿ ಮಾಡ್ಲಿ ಅಂತ!"

ಅಜ್ಜಿ ಅಪ್ಪನನ್ನು ದನಿಯಿಂದ ಗುರುತು ಹಿಡಿದಳು. "ಬಾರಯ್ಯ ಅಳಿಯ. ಹಡಗಲ್ಲಿ ಬಂದಿದೀಯ ಅಂದ್ಮೇಲೆ ಹಡಗಿನ ರೇಟೇ ನಿಂಗೆ." ಅಪ್ಪ ಎರಡು ಟೋಪಿ ಕೊಂಡ, ಚೌಕಾಸಿ ಮಾಡಲಿಲ್ಲ. ಅದಕ್ಕೂ ಬೈದಳು.

ಚಿಕ್ಕಮ್ಮ, ದನಿಯಿಂದ ಎಂದೆನಲ್ಲ. ನಾನು ಎದುರಿಗೇ ನಿಂತಿದ್ದೆ, ಮಾತಾಡುವವರೆಗೆ ಗೊತ್ತಾಗಲಿಲ್ಲ ಅವಳಿಗೆ. ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ಪೂರ್ತಿ ತಿಂದಿದೆ. ಇನ್ನೊಂದು ಜೂನ್ ದಾಟುವುದು ಕಷ್ಟ ಎಂದಿದ್ದಾರಂತೆ ಡಾಕ್ಟರು. ನಿನಗೆ ಬರೆಯಬೇಡ ಎಂದಳು. ಬರೆದಿದ್ದೇನೆ.

ಮಯಾಮಿಗೆ ಹಿಂತಿರುಗಿ ಇಳಿಯುವಾಗ ಏನೇನು ಕೇಳುತ್ತಾರೋ ಎಂದು ಪಾಸ್‌ಪೋರ್ಟು, ಕಾಲೇಜಿನ ಗುರುತುಚೀಟಿ, ಲಸಿಕೆಯ ಚೀಟಿ ಕೂಡ ಹಿಡಿದು ನಿಂತಿದ್ದೆ. ಅಧಿಕಾರಿ ನನ್ನ ಮುಂದಿದ್ದ ಅಮೆರಿಕದವರನ್ನು "ಎಲ್ಲಿ ಹುಟ್ಟಿದ್ದು?" ಅಂದ. ಅವರು "ಬ್ರೂಕ್ಲಿನ್" ಅಂದರು. "ಸರಿ, ಹೋಗಿ." ಕಾಗದ ಮುಟ್ಟಲೂ ಇಲ್ಲ. ಸುಮ್ಮನೆ ಹೆದರಿದ್ದೆ ನೋಡು.

ನಿನ್ನ,
ರೊವೀನಾ

*

ಫೋರ್ಟ್ ಲಾಡರ್‌ಡೇಲ್
೨೬ ಜನವರಿ

ನನ್ನ ಪುಟ್ಟಿ,

ನೂರಾ ಹದಿನಾಲ್ಕು ಹೆಜ್ಜೆ ಎಂದು ಓದಿ ನಾನು ನಕ್ಕ ಸದ್ದಿಗೆ ಮಿಸೆಸ್ ಫೆಲ್ಡ್‌ಮನ್ ಒಳಗಿನಿಂದ "ಏನಾಯ್ತು ವಿನ್ನೆಟ್, ಯಾರು ಸತ್ತರು?" ಎಂದು ಕೂಗಿದರು. ಹಗಲೂ ರಾತ್ರಿ ನಾನೇ ನೋಡಿಕೊಳ್ಳುವ ಈ ಮುದುಕಿಗೆ ತೊಂಬತ್ತೊಂದು. ಕಿವಿ ಮಾತ್ರ ಹದಿನೆಂಟರದು.

ಅಮ್ಮನ ಕಣ್ಣಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ಕೇಳಿದರೆ "ಹದ್ದಿನ ಹಂಗೆ ಕಾಣ್ಸುತ್ತೆ ಕಣೇ" ಎನ್ನುತ್ತಾಳೆ. ಜೂನ್ ಎಂದು ಖಂಡಿತವಾಗಿ ಹೇಳಿದರಾ?

ನಮ್ಮ ಚರ್ಚಿನ ಸಿಸ್ಟರ್ ಮ್ಯಾವಿಸ್ ಈಸ್ಟರ್ ಕಳೆದ ಮೇಲೆ ನೂರಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು ಹಡಗಿನಲ್ಲಿ ಹೋಗುತ್ತಿದ್ದಾರೆ. ಎಲ್ಲರಿಗೂ ಒಂದೇ ಹಳದಿ ಅಂಗಿ ಹೊಲಿಸುತ್ತಿದ್ದಾರೆ. ಅವರಿಗೆ ಹೇಳಬೇಕು, ಸ್ವಲ್ಪ ವಿವರವಾಗಿ ಬರಿ. ಓಚೊ ರಿಯೋಸಿನಲ್ಲಿ ಎಷ್ಟು ಹೊತ್ತಿಗೆ ಇಳಿಸುತ್ತಾರೆ, ಎಷ್ಟಕ್ಕೆ ವಾಪಸು ಹತ್ತಬೇಕು? ಹಡಗಿನಿಂದ ಸಂತೆಗೆ ಎಷ್ಟು ದೂರ, ಮಧ್ಯೆ ಯಾರಾದರೂ ತಡೆದು ಏನಾದರೂ ನೋಡುತ್ತಾರಾ? ಮಯಾಮಿಯಲ್ಲಿ ಆ ಪ್ರಶ್ನೆ ಕೇಳಿದವನು ಒಬ್ಬನೇ ಇದ್ದನಾ? ಎಲ್ಲರನ್ನೂ ಕೇಳಿದನಾ, ಕೆಲವರನ್ನು ಮಾತ್ರವಾ? ಉತ್ತರ ಕೇಳಿ ಸುಮ್ಮನಾಗುತ್ತಿದ್ದನಾ, ಮುಖ ನೋಡುತ್ತಿದ್ದನಾ?

ನನ್ನ ಮಗಳು ಕಡೀನ್‌ಗೆ ಏಳು ತುಂಬಿತು. ಮುಂದಿನ ಹಲ್ಲು ಎರಡೂ ಇಲ್ಲ. ಜಮೈಕಾ ಎಂದರೆ ನಮ್ಮ ಅಡುಗೆಮನೆಯ ವಾಸನೆ ಎಂದುಕೊಂಡಿದ್ದಾಳೆ.

ಚಿಕ್ಕಮ್ಮ

*

ಮೋನಾ
೯ ಫೆಬ್ರವರಿ

ಪ್ರೀತಿಯ ಚಿಕ್ಕಮ್ಮ,

ಇಂಥ ಪ್ರಶ್ನೆಗಳನ್ನು ಯಾರಾದರೂ ಕೇಳಲಿ ಎಂದೇ ನಾನು ಹುಟ್ಟಿರುವುದು. ಸಾಮಾನ್ಯವಾಗಿ ನಾನು ಕೇಳುತ್ತೇನೆ, ಜನ ಓಡಿಹೋಗುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಇಳಿಸುತ್ತಾರೆ, ನಾಲ್ಕಕ್ಕೆ ಎಲ್ಲರೂ ಒಳಗಿರಬೇಕು. ಎಂಟು ಗಂಟೆ ಪೂರ್ತಿ. ಹಡಗಿನ ಬಾಗಿಲಿನಿಂದ ಅಜ್ಜಿಯ ಅಂಗಡಿಗೆ ನಡೆದರೆ ಒಂಬತ್ತು ನಿಮಿಷ, ಜಡೆಯವರು ಹಿಡಿದುಕೊಂಡರೆ ಹದಿನೈದು. ನಡುವೆ ಒಂದು ಗೇಟು. ಹಡಗಿನವರು ಕೊಟ್ಟ ಬಿಲ್ಲೆ ತೋರಿಸಿದರೆ ಮುಗಿಯಿತು. ಮಯಾಮಿಯಲ್ಲಿ ಇಬ್ಬರಿದ್ದರು, ಎರಡು ಸಾಲು. ಎಡಗಡೆಯವನು ಕನ್ನಡಕದವನು, ಎಲ್ಲರನ್ನೂ ಕೇಳುತ್ತಿದ್ದ. ಬಲಗಡೆಯವನು ಮೂವರಿಗೊಬ್ಬರನ್ನು. ಮುಖ ನೋಡುತ್ತಿರಲಿಲ್ಲ, ದನಿ ಕೇಳುತ್ತಿದ್ದ. ಥೇಟ್ ನಮ್ಮ ಅಜ್ಜಿಯ ಹಾಗೆ!

ಸಿಸ್ಟರ್ ಮ್ಯಾವಿಸ್‌ಗೆ ಹೇಳು, ಬಲಗಡೆಯ ಸಾಲು ಬೇಗ ಸಾಗುತ್ತದೆ.

ನಿನ್ನ ರೊವೀನಾ

*

ಫೋರ್ಟ್ ಲಾಡರ್‌ಡೇಲ್
೨೩ ಫೆಬ್ರವರಿ

ಪುಟ್ಟಿ,

ಕೂತುಕೊಂಡು ಓದು. ನಾನೂ ಹೋಗುತ್ತಿದ್ದೇನೆ. ಕಡೀನ್ ಮತ್ತು ನಾನು. ಏಪ್ರಿಲ್ ಒಂಬತ್ತು, ಬುಧವಾರ, ಓಚೊ ರಿಯೋಸ್. ಎಂಟು ಗಂಟೆ ಹೊತ್ತು! ಹನ್ನೊಂದು ವರ್ಷದಲ್ಲಿ ಅಮ್ಮನನ್ನು ಒಂದು ಗಂಟೆಯೂ ನೋಡಿಲ್ಲ ನಾನು. ಅವಳ ಕಣ್ಣಿನಲ್ಲಿ ಬೆಳಕಿರುವಾಗಲೇ ನಾನು ಕಣ್ಣಿಗೆ ಬೀಳಬೇಕು, ನನ್ನ ಮಗಳು ಬೀಳಬೇಕು.

ನೀನೇ ಹೋಗಿ ಅವಳಿಗೆ ಹೇಳು. ಫೋನಿನಲ್ಲಿ ಹೇಳಬೇಡ, ನನಗೂ ಇದರ ಬಗ್ಗೆ ಫೋನು ಮಾಡಬೇಡ. ಮಿಸೆಸ್ ಫೆಲ್ಡ್‌ಮನ್ ಮಲಗುವ ಕೋಣೆಯ ಫೋನೆತ್ತಿ ಕೇಳಿಸಿಕೊಳ್ಳುತ್ತಾರೆ.

ಕಡೀನ್ ನನಗೆ ಪಾಠ ಹೇಳಿಕೊಡುತ್ತಿದ್ದಾಳೆ, ಅವಳ ಶಾಲೆಯ ಟೀಚರ ಹಾಗೆ ಮಾತಾಡುವುದು. "ಅಮ್ಮಾ, ನೀನು ಹಾಡ್ತಾ ಇದೀಯ, ಮಾತಾಡು" ಎನ್ನುತ್ತಾಳೆ.

ಅವಸರದಲ್ಲಿ,
ವಿನ್ನೆಟ್

*

ಮೋನಾ
೫ ಮಾರ್ಚ್

ಚಿಕ್ಕಮ್ಮ,

ಶನಿವಾರ ಅಜ್ಜಿಯ ಬಳಿ ಹೋಗಿದ್ದೆ. ಒಳ್ಳೆಯ ಸುದ್ದಿ ತಂದಿದ್ದೇನೆಂದು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದವಳು ಜಾಗ ಬದಲಾಯಿಸಿದಳು. ಅಜ್ಜಿ ಬೆರಳಲ್ಲೇ ತಡವಿಕೊಂಡು ಟೋಪಿಗೆ ಪಟ್ಟಿ ಹೊಲಿಯುತ್ತಿದ್ದಳು. ಹೇಳಿದೆ. ಸೂಜಿ ನಿಂತಿತು.

"ಹೆಂಗೆ ಬರ್ತಾಳೆ?"

"ಹಡಗಲ್ಲಿ, ಅಜ್ಜಿ."

"ಬರೋದು ಹಡಗಲ್ಲಿ. ಹೋಗೋದು ಹೆಂಗೆ? ಮೂರು ತಿಂಗಳ ವೀಸಾ ಇಟ್ಕೊಂಡು ಹೋದೋಳು ಅವಳು. ಎಂಬತ್ತಾರರಲ್ಲಿ."

ಆಮೇಲೆ ಅಂಗಡಿಯ ಪರದೆ ಇಳಿಸಿ ಒಳಗೆ ಕೂರಿಸಿಕೊಂಡು ಎಲ್ಲ ಹೇಳಿದಳು. ನಿನ್ನ ಹತ್ತಿರ ಯಾವ ಕಾಗದವೂ ಇಲ್ಲವೆಂದು. ಅದಕ್ಕೇ ಅಮ್ಮ ಸತ್ತಾಗ ನೀನು ಬರಲಿಲ್ಲವೆಂದು. ನಾನು ಏಳು ವರ್ಷ ಆ ವಿಷಯಕ್ಕೆ ನಿನ್ನ ಮೇಲೆ ಒಳಗೊಳಗೇ ಕೋಪ ಇಟ್ಟುಕೊಂಡಿದ್ದೆ, ಗೊತ್ತಾ? "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಅತ್ತೆ. "ನೀನು ಪತ್ರ ಬರೆಯೋಳು ಕಣೇ. ಹಾಸ್ಟೆಲಲ್ಲಿ ಟೀಚರು ಓದಿ ಕಳಿಸ್ತಿದ್ರು. ನಿಂಗೆ ಹೇಳೋದೂ ಒಂದೇ, ಬಂದರಲ್ಲಿ ಬೋರ್ಡ್ ಬರೆಸೋದೂ ಒಂದೇ."

ಈಗ ನನ್ನ ಜನವರಿಯ ಪತ್ರದ ಒಂದೊಂದು ಸಾಲೂ ನೆನಪಾಗುತ್ತಿದೆ. ಕಾಗದ ಮುಟ್ಟಲೂ ಇಲ್ಲವೆಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಬ್ರೂಕ್ಲಿನ್‌ನವರದು ಮುಟ್ಟಲಿಲ್ಲ. ನನ್ನದನ್ನು ತೆಗೆದು ನೋಡಿದ, ಪುಟ ಪುಟ ಓದಿದ. ಅಪ್ಪನ ದೇಶದ ಪಾಸ್‌ಪೋರ್ಟು ಕಂಡು ನಕ್ಕು ಕಳಿಸಿದ. ಕಥೆ ಚೆನ್ನಾಗಿರಲಿ ಎಂದು ಆ ಭಾಗ ಬಿಟ್ಟಿದ್ದೆ. ನನ್ನ ಹಿಂದಿದ್ದ ಒಬ್ಬ ಗಂಡಸನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅದನ್ನೂ ಬಿಟ್ಟಿದ್ದೆ. ಅವನು ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ.

ದಯವಿಟ್ಟು ಬರಬೇಡ. ಅಜ್ಜಿಯೂ "ಬರಬೇಡ ಅಂತ ಬರಿ" ಎಂದಳು. ನಾನು ಎದ್ದು ಹೊರಡುವಾಗ ಮಾತ್ರ ಕೇಳಿದಳು, "ಬರೋದಾಗಿದ್ರೆ ಯಾವ ಬಣ್ಣದ ಬಟ್ಟೆ ಹಾಕ್ಕೊಂಡು ಬರ್ತಿದ್ಳಂತೆ?"

ರೊವೀನಾ

*

ಮೋನಾ
೧೯ ಮಾರ್ಚ್

ಚಿಕ್ಕಮ್ಮ,

ಎರಡು ವಾರವಾಯಿತು, ಉತ್ತರವಿಲ್ಲ. ಪತ್ರ ತಲುಪಿಲ್ಲವೋ, ತಲುಪಿ ನೀನು ಬರೆಯುತ್ತಿಲ್ಲವೋ, ಬೇರೆ ಯಾರಾದರೂ ಒಡೆದರೋ. ಇದನ್ನು ನನ್ನ ಕೋಣೆಯ ತಮಿಕಾಳ ಸೋದರಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ನಾಡಿದ್ದು ಲಾಡರ್‌ಡೇಲ್‌ಗೆ ವಿಮಾನ ಹತ್ತುತ್ತಾರೆ. ನಿನ್ನ ಕೈಗೇ ಕೊಡುತ್ತಾರೆ.

ಸೋಮವಾರ ಫೋನು ಮಾಡಿದ್ದು ನಾನೇ. ನೀನು "ಹಲೋ" ಎಂದ ಕೂಡಲೇ ಇನ್ನೊಂದು ಕಡೆ ಖಟ್ ಎಂದು ಫೋನೆತ್ತಿದ ಸದ್ದು, ಮುದುಕಿಯ ಉಸಿರು. ನಾನು ಬಾಯಿಗೆ ಬಂದದ್ದು ಹೇಳಿದೆ: "ಏಪ್ರಿಲಲ್ಲಿ ಸಮುದ್ರ ಚೆನ್ನಾಗಿರಲ್ಲ ಚಿಕ್ಕಮ್ಮ, ಹೊಟ್ಟೆ ತೊಳಸುತ್ತೆ." ನೀನು ನಕ್ಕೆ. "ನಂಗೇನೂ ಆಗಲ್ಲ ಬಿಡು" ಅಂದೆ. ನಿನಗೆ ಅರ್ಥವಾಯಿತಾ ಇಲ್ಲವಾ? ಆ ನಗು ಎಂಥದ್ದೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಊಟ ಸೇರುತ್ತಿಲ್ಲ. ತರಗತಿಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ನನ್ನ ಹೆಸರು ಕರೆಯುತ್ತಾರೆ, ಏನೋ ಸುದ್ದಿ ಬಂತು ಎನ್ನಿಸುತ್ತದೆ.

ತಮಿಕಾ ಕಾನೂನು ಓದುತ್ತಾಳೆ. ನಿನ್ನ ಹೆಸರು ಹೇಳಲಿಲ್ಲ, "ಒಬ್ಬರು" ಎಂದೆ. ಅವಳು ತನ್ನ ಮೇಷ್ಟರನ್ನು ಕೇಳಿ ಬಂದಳು. ಏಪ್ರಿಲ್ ಒಂದರಿಂದ ಅಮೆರಿಕದಲ್ಲಿ ಹೊಸ ಕಾನೂನು. ಅವಧಿ ಮೀರಿ ಉಳಿದವರು ಹೊರಗೆ ಕಾಲಿಟ್ಟು ಸಿಕ್ಕಿಬಿದ್ದರೆ ಹತ್ತು ವರ್ಷ ಒಳಗೆ ಬಿಡುವುದಿಲ್ಲವಂತೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದಕ್ಕಿಂತ ಕೆಟ್ಟದ್ದು. "ಯಾರೇ ಆ ಒಬ್ಬರು?" ಎಂದಳು ತಮಿಕಾ. "ಪ್ರಬಂಧಕ್ಕೆ" ಎಂದೆ.

ಕಡೀನ್‌ಗೆ ಹತ್ತು ವರ್ಷವೆಂದರೆ ಹದಿನೇಳು, ಚಿಕ್ಕಮ್ಮ. ನನಗೆ ಹನ್ನೆರಡಾಗಿದ್ದಾಗ ಅಮ್ಮ ಹೋದಳು. ಹಾಸ್ಟೆಲಿನಲ್ಲಿ ಬೆಳೆಯುವುದು ಹೇಗಿರುತ್ತದೆಂದು ನಾನು ನಿನಗೆ ಪತ್ರದಲ್ಲಿ ಎಂದೂ ಪೂರ್ತಿ ಬರೆದಿಲ್ಲ. ಟೀಚರು ಓದುತ್ತಿದ್ದರು.

ರೊ.

*

ಫೋರ್ಟ್ ಲಾಡರ್‌ಡೇಲ್
೨೯ ಮಾರ್ಚ್

ರೊವೀನಾ,

ನಿನ್ನ ಎರಡೂ ಪತ್ರ ಬಂದಿವೆ. ಮೊದಲನೆಯದು ಬಂದ ದಿನವೇ ಒಲೆಗೆ ಹಾಕಿದೆ. ಎರಡನೆಯದನ್ನೂ ಹಾಕುತ್ತೇನೆ. ನೀನೂ ನನ್ನ ಪತ್ರಗಳನ್ನು ಇಟ್ಟುಕೊಳ್ಳಬೇಡ.

ಕೋಪ ಬಂದಿತ್ತು. ಯಾರು ಬರೆದದ್ದು, ಕಾಗದ ಮುಟ್ಟಲೂ ಇಲ್ಲ ಎಂದು? ಬಲಗಡೆಯ ಸಾಲು ಬೇಗ ಸಾಗುತ್ತದೆ ಎಂದು? ಆ ಪತ್ರಗಳು ನನ್ನ ದಿಂಬಿನ ಕೆಳಗೆ ಒಂದು ತಿಂಗಳಿದ್ದವು. ಬೈಬಲಿನಷ್ಟು ಸಲ ಓದಿದ್ದೇನೆ. ಅವುಗಳಲ್ಲಿ ಅರ್ಧ ಬಿಟ್ಟು ಬರೆದಿದ್ದೆ ಎಂದು ಈಗ ಹೇಳುತ್ತೀಯ.

ನೀನು ಹೆದರುವವಳು, ಚಿಕ್ಕಂದಿನಿಂದಲೂ. ಅದಕ್ಕೆ ನಾವೆಲ್ಲ ನಗುತ್ತಿದ್ದೆವು. ನನ್ನದನ್ನೂ ಕೇಳು. ಹನ್ನೊಂದು ವರ್ಷದಿಂದ ಪೊಲೀಸ್ ಕಾರು ಕಂಡರೆ ರಸ್ತೆ ದಾಟಿಬಿಡುತ್ತೇನೆ. ಅಮ್ಮನಿಗೆ ನಡೆಯುವುದೆಂದರೆ ಇಷ್ಟ ಎಂದುಕೊಂಡಿದ್ದಾಳೆ ಕಡೀನ್. ಹಲ್ಲು ನೋವು ಬಂದರೆ ಲವಂಗ. ಒಮ್ಮೆ ಪಕ್ಕದ ಮನೆಗೆ ಕಳ್ಳರು ನುಗ್ಗಿದಾಗ, ನೋಡಿದವಳು ನಾನೊಬ್ಬಳೇ, ಪರದೆ ಎಳೆದು ಕೂತೆ. ಅಕ್ಕ ಸತ್ತ ದಿನ ಮಿಸೆಸ್ ಫೆಲ್ಡ್‌ಮನ್‌ಗೆ ಸೂಪು ಮಾಡುತ್ತಿದ್ದೆ. ಮಾಡಿ ಮುಗಿಸಿದೆ.

ಮ್ಯಾವಿಸ್ ಇಲ್ಲೇ ಹುಟ್ಟಿ ತೀರಿಹೋದ ತಮ್ಮ ತಂಗಿಯ ಜನನ ಪತ್ರ ನನಗೆ ಕೊಟ್ಟಿದ್ದಾರೆ. "ಪಾಪ ನಂದು, ನೀನು ತಲೆ ಕೆಡಿಸ್ಕೋಬೇಡ, ನಿಮ್ಮಮ್ಮನ್ನ ನೋಡ್ಕೊಂಡು ಬಾ" ಎಂದರು. ಅದು ನನ್ನ ಬೀರುವಿನಲ್ಲಿದೆ. ಹಳದಿ ಅಂಗಿಯೂ ಇದೆ, ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಬರುತ್ತೇನೋ ಇಲ್ಲವೋ ಹೇಳುವುದಿಲ್ಲ, ಏಕೆಂದರೆ ನನಗೇ ಗೊತ್ತಿಲ್ಲ. ಒಂಬತ್ತನೇ ತಾರೀಖು ನೀನು ಅಮ್ಮನ ಅಂಗಡಿಯಲ್ಲಿರು. ಅಷ್ಟು ಮಾಡು.

ವಿನ್ನೆಟ್

*

ಓಚೊ ರಿಯೋಸ್
ಗುರುವಾರ, ೧೦ ಏಪ್ರಿಲ್

ಪ್ರೀತಿಯ ಚಿಕ್ಕಮ್ಮ,

ಕಡೀನ್ ಹೇಗೂ ಹೇಳುತ್ತಾಳೆ. ಆದರೂ ನಾನು ಏನನ್ನೂ ಬಿಡದೆ ಬರೆಯುತ್ತೇನೆ, ಈ ಸಲ ನಿಜವಾಗಿ ಬಿಡದೆ.

ಅಜ್ಜಿ ಚರ್ಚಿಗೆ ಹೋಗುವ ನೀಲಿ ಬಟ್ಟೆ ಹಾಕಿಕೊಂಡು ಆರಕ್ಕೇ ಬಂದು ಕೂತಿದ್ದಳು. ಪಕ್ಕದ ಅಂಗಡಿಯ ಮಿಸ್ ಪರ್ಲ್ "ಏನ್ ಇಸಿಲ್ಡಾ, ಮದುವೇನಾ?" ಎಂದರೆ, "ಹೂಂ, ನಿನ್ ಗಂಡನ್ ಜೊತೆ, ಅವನು ಹೇಳ್ಲಿಲ್ವಾ?" ಎಂದಳು. ಟೋಪಿಗಳನ್ನೆಲ್ಲ ಎತ್ತಿ ಒಳಗಿಟ್ಟು ಮುಂದೆ ಎರಡು ಕುರ್ಚಿ ಹಾಕಿಸಿದ್ದಳು. ಒಂದು ನಿನಗೆ ಎಂದು ಯಾರೂ ಹೇಳಲಿಲ್ಲ.

ಎಂಟೂಕಾಲಿಗೆ ಹಳದಿ ಅಂಗಿಗಳು ಗೇಟಿನಿಂದ ಬರತೊಡಗಿದವು. ಹಿಂಡು ಹಿಂಡಾಗಿ, ಹಾಡುತ್ತ. ನಾನು ಒಂದೊಂದೇ ಮುಖ ನೋಡುತ್ತ ನಿಂತೆ. ಬರಬೇಡ ಎಂದು ಬರೆದವಳು, ಫೋನು ಮಾಡಿದವಳು, ಊಟ ಬಿಟ್ಟವಳು ನಾನು. ಆದರೂ ಪ್ರತಿ ಹಳದಿ ಅಂಗಿಗೂ ನೀನೇ ಇರಲಿ, ನೀನೇ ಇರಲಿ ಎನ್ನುತ್ತಿದ್ದೆ. ಕೊನೆಗೆ ಸಿಸ್ಟರ್ ಮ್ಯಾವಿಸ್ ಬಂದರು, ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು. ಅವರ ಹಿಂದೆ ಯಾರೂ ಇರಲಿಲ್ಲ.

"ಯಾರ್ಯಾರು ಬಂದ್ರು?" ಎಂದಳು ಅಜ್ಜಿ.

"ಕಡೀನ್ ಬಂದಿದ್ದಾಳೆ ಅಜ್ಜಿ."

ಅವಳು ಇನ್ನೊಂದು ಹೆಸರಿಗೆ ಕಾದಳು. ನಾನು ಹೇಳಲಿಲ್ಲ. ಆಮೇಲೆ ಎದ್ದು, ಕಡೀನ್‌ಳ ಕೈ ಹಿಡಿದು, ಮಾಡಿನ ನೆರಳಿನಿಂದ ಹೊರಗೆ, ರಸ್ತೆಯ ನಡುವಿನ ಬಿಸಿಲಿಗೆ ಕರೆದುಕೊಂಡು ಹೋದಳು. ಟ್ಯಾಕ್ಸಿಯವನು ಹಾರನ್ ಹೊಡೆದ. "ಸುತ್ತಿ ಹೋಗೋ, ಕಾಣಲ್ವಾ? ನಾನು ನೋಡ್ತಾ ಇದೀನಿ!" ಎಂದು ಕೂಗಿದಳು. ಮಗುವಿನ ಗಲ್ಲ ಹಿಡಿದು ಸೂರ್ಯನ ಕಡೆ ತಿರುಗಿಸಿ, ತನ್ನ ಮುಖ ಒಂದು ಗೇಣು ಹತ್ತಿರ ತಂದು, ಇರುವ ಒಂದು ಕಣ್ಣಿನಲ್ಲಿ ನೋಡಿದಳು. ಹಣೆ, ಹುಬ್ಬು, ಕಿವಿ, ಬಾಯಿ. ಮಾಲು ಪರೀಕ್ಷೆ ಮಾಡುವವರ ಹಾಗೆ.

"ಅಜ್ಜಿ, ನಂಗೆ ಬಿಸಿಲು ಕಣ್ಣಿಗೆ ಹೊಡೀತಿದೆ."

"ಹೊಡೀಲಿ. ಬಾಯಿ ತೆಗಿ. ಹಲ್ಲೆಲ್ಲೇ?"

"ಬಿದ್ದೋಯ್ತು."

"ನಿಮ್ಮಮ್ಮಂಗೂ ಹಿಂಗೇ ಎರಡೂ ಒಟ್ಟಿಗೇ ಬಿದ್ದಿತ್ತು. ಇನ್ನೊಂದ್ಸಲ ನಗು."

ನಾಲ್ಕಕ್ಕೆ ಹತ್ತು ನಿಮಿಷ ಇರುವವರೆಗೂ ಅವಳನ್ನು ಬಿಡಲಿಲ್ಲ. ಉಣ್ಣಿಸಿದಳು, ಜಡೆ ಬಿಚ್ಚಿ ಮತ್ತೆ ಹೆಣೆದಳು, ನಡೆಸಿ ನೋಡಿದಳು. "ಅಮ್ಮ ಇಷ್ಟೆತ್ತರ ಇದಾಳಾ? ದಪ್ಪ ಆಗಿದಾಳಾ? ಹೆಂಗೆ ನಿಂತ್ಕೋತಾಳೆ, ತೋರ್ಸು." ಕಡೀನ್ ನಿನ್ನ ಹಾಗೆ ನಿಂತು ತೋರಿಸಿದಳು: ಒಂದು ಕೈ ಸೊಂಟದ ಮೇಲೆ, ತಲೆ ಬಾಗಿಲ ಕಡೆ ತಿರುಗಿಸಿ, ಯಾರೋ ಬರುತ್ತಾರೇನೋ ಎಂಬಂತೆ.

ಹಡಗು ಕೂಗಿದ ಮೇಲೆ "ಬರ್ದೇ ಇದ್ದಿದ್ದು ಒಳ್ಳೇದಾಯ್ತು" ಎಂದಳು. ಎರಡು ಸಲ ಹೇಳಿದಳು. ನಂತರ ಕುರ್ಚಿಯನ್ನು ಸಮುದ್ರಕ್ಕೆ ಬೆನ್ನು ಮಾಡಿ ತಿರುಗಿಸಿಕೊಂಡಳು.

ಚಿಕ್ಕಮ್ಮ, ಭಾನುವಾರ ಹಡಗು ಮಯಾಮಿಗೆ ಬಂದಾಗ ಏನಾಯಿತೆಂದು ಬರಿ. ಆ ಕನ್ನಡಕದವನು ಒಬ್ಬೊಬ್ಬರನ್ನೂ ಹಿಡಿದು ಕೇಳಿದನೆಂದು ಬರಿ. ಯಾರನ್ನೋ ಪಕ್ಕದ ಕೋಣೆಗೆ ಕರೆದೊಯ್ದನೆಂದು ಬರಿ. ಇಂಥದ್ದನ್ನು ಕೇಳುವುದು ಪಾಪವೆಂದು ಗೊತ್ತು.

ನಿನ್ನ,
ರೊವೀನಾ

*

ಫೋರ್ಟ್ ಲಾಡರ್‌ಡೇಲ್
೨೦ ಏಪ್ರಿಲ್

ನನ್ನ ಪುಟ್ಟಿ,

ನಿನ್ನ ಪತ್ರ ಒಲೆಗೆ ಹಾಕಿಲ್ಲ. ಹಾಕುವುದೂ ಇಲ್ಲ.

ಹೊರಡುವ ದಿನ ನಾನೂ ಹಳದಿ ಅಂಗಿ ಹಾಕಿಕೊಂಡೇ ಬಂದರಿಗೆ ಹೋಗಿದ್ದೆ. ಸಾಲಿನಲ್ಲಿ ನಿಂತೆ. ನನ್ನ ಮುಂದೆ ನಾಲ್ಕು ಜನ ಇರುವಾಗ ಕಡೀನ್‌ಳ ಕೈ ಮ್ಯಾವಿಸ್ ಕೈಯಲ್ಲಿಟ್ಟು, ಒಪ್ಪಿಗೆ ಪತ್ರ ಕೊಟ್ಟು, ಹಿಂದಕ್ಕೆ ಬಂದುಬಿಟ್ಟೆ. ಅದು ನಿನ್ನ ಪತ್ರದಿಂದಲೋ, ನನ್ನ ಕಾಲಿನಿಂದಲೋ, ಕೇಳಬೇಡ.

ವಾಪಸು ಬಂದ ದಿನದ್ದು ಕೇಳಿದ್ದೀಯ. ನಿನ್ನ ಹಾಗೆ ನಾನೂ ಬಿಡದೆ ಬರೆಯುತ್ತೇನೆ. ಕರೆದುಕೊಂಡು ಹೋಗುವವರಿಗೆ ಗಾಜಿನ ಈಚೆ ಜಾಗ ಮಾಡಿದ್ದಾರೆ, ಅಲ್ಲಿಂದ ಎಲ್ಲ ಕಾಣುತ್ತದೆ. ಅಧಿಕಾರಿ ಒಬ್ಬನೇ ಇದ್ದ. ಕನ್ನಡಕವಿಲ್ಲ, ಹುಡುಗನ ಹಾಗಿದ್ದ. ಕುರ್ಚಿಯಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಹಳದಿ ಅಂಗಿಗಳು ಬಂದ ಹಾಗೆ, ಸ್ಯಾಂಡ್‌ವಿಚ್ ಹಿಡಿದ ಕೈಯಲ್ಲೇ ಹೋಗಿ ಹೋಗಿ ಎಂದು ಬೀಸಿದ. ನಾನು ಎಣಿಸಿದೆ, ನೂರಾ ಹನ್ನೆರಡು ಜನ. ಒಬ್ಬರನ್ನೂ ಒಂದು ಮಾತೂ ಕೇಳಲಿಲ್ಲ.

ನೀನು ಬೇರೆ ಥರದ್ದು ಕೇಳಿದ್ದೆ. ಸುಳ್ಳು ಬರೆಯಬಹುದಿತ್ತು. ನಮ್ಮಿಬ್ಬರ ನಡುವೆ ಅರ್ಧ ಬರೆದದ್ದು ಸಾಕು.

ಇನ್ನೊಂದಿದೆ. ಕಡೀನ್ ಕೊನೆಯಲ್ಲಿದ್ದಳು, ನಮ್ಮಮ್ಮ ಹೆಣೆದ ಜಡೆಯಲ್ಲಿ. ಅವಳು ಗಾಜು ದಾಟುವ ಹೊತ್ತಿಗೆ ಆ ಹುಡುಗ ತಲೆಯೆತ್ತಿ ನಮ್ಮ ಕಡೆ ನೋಡಿದ. ಸುಮ್ಮನೆ, ಗೋಡೆ ನೋಡುವ ಹಾಗೆ. ನಾನು ಎಲ್ಲಿಗೂ ಹೋಗಿರಲಿಲ್ಲ, ಎಲ್ಲಿಂದಲೂ ಬರುತ್ತಿರಲಿಲ್ಲ, ಮಗಳನ್ನು ಕರೆದೊಯ್ಯಲು ಬಂದ ತಾಯಿ ಅಷ್ಟೆ. ಆದರೂ ಮೈ ತಾನಾಗಿ ಕಂಬದ ಹಿಂದೆ ಸರಿದುಹೋಯಿತು. ಕಡೀನ್ ಹೊರಗೆ ಬಂದು ಸುತ್ತ ನೋಡಿದಳು. "ಅಮ್ಮಾ" ಎಂದಳು. ಮತ್ತೆ "ಅಮ್ಮಾ" ಎಂದಳು, ಈ ಸಲ ಅಳುವ ದನಿ. ನಾನು ಮೂರಡಿ ದೂರದಲ್ಲಿದ್ದೆ. ಅವನು ಸ್ಯಾಂಡ್‌ವಿಚ್ ಕಡೆಗೆ ತಿರುಗುವವರೆಗೆ ಓ ಎನ್ನಲಿಲ್ಲ.

ನಿನ್ನ,
ವಿನ್ನೆಟ್ ಚಿಕ್ಕಮ್ಮ